ಗೊರಕೆ ನಿಂತಾಗ

ಹಳೇ ಮದ್ರಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಕಾರು ಕದಲಲಿಲ್ಲ. ಹಿಂದಿನವರ ಹಾರ್ನ್ ಕೇಳಿ ವೈಷ್ಣವಿ ಪಕ್ಕಕ್ಕೆ ತಿರುಗಿದಳು. ಗಂಡ ಸಿದ್ಧಲಿಂಗೇಶ ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿದ್ದ.

“ರೀ! ಏನಾಯ್ತ್ರೀ?”

“ಏನಿಲ್ಲ, ಕಣ್ಣು ಮುಚ್ಚಿದ್ದೆ ಅಷ್ಟೆ,” ಎಂದು ಅವನು ಗೇರ್ ಹಾಕಿದ.

ರಾಣೆಬೆನ್ನೂರಿನ ಸಿದ್ಧಲಿಂಗೇಶನಿಗೆ ಸಿ.ವಿ. ರಾಮನ್ ನಗರದ ಕಚೇರಿಯೊಂದರಲ್ಲಿ ಕೆಲಸ. ಬಿ.ಪಿ.ಗೆ ಎರಡು ಥರದ ಮಾತ್ರೆ ನುಂಗಿದರೂ ಬೆಳಗಿನ ಹೊತ್ತು ಅದು ಇಳಿಯುತ್ತಿರಲಿಲ್ಲ. ಎದೆ ಡವಡವ ಅನ್ನುತ್ತದೆ ಎಂದರೆ ಎಲ್ಲರೂ ಟೆನ್ಷನ್ ಅನ್ನುತ್ತಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ವೈಷ್ಣವಿಗೆ ಆ ಉತ್ತರ ಸಾಕಾಗಲಿಲ್ಲ. ಅವನನ್ನು ಹಲಸೂರಿನ ಹೃದಯದ ಡಾಕ್ಟರ್ ಕಮರುನ್ನೀಸಾ ಅವರಲ್ಲಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಅವನ ಎದೆಗೆ ಪುಟ್ಟ ಯಂತ್ರ ಅಂಟಿಸಿ, ಒಂದಿಡೀ ಹಗಲು ರಾತ್ರಿಯ ಬಡಿತ ದಾಖಲಿಸಿದರು. ಮರುದಿನ ಕಂಪ್ಯೂಟರಿನ ಪರದೆಯನ್ನು ಇವರತ್ತ ತಿರುಗಿಸಿದರು. ಎಚ್ಚರವಾಗಿ ಕೂತಿದ್ದಾಗಿನ ಬಡಿತದ ವೇಗದ ಗೆರೆ ಹೆಚ್ಚುಕಡಿಮೆ ಸಪಾಟಾಗಿತ್ತು. ನಿದ್ದೆಯ ಹೊತ್ತಿನದು ಮಾತ್ರ ಅಲೆ ಅಲೆ. ಬಡಿತ ನಿಧಾನವಾಗಿ ಇಳಿಯುವುದು, ತಟ್ಟನೆ ಏರುವುದು, ಮತ್ತೆ ಇಳಿಯುವುದು.

“ಮಲಗಿರೋರ ಹಾರ್ಟು ಯಾಕೆ ಮೇಡಂ ಹಿಂಗೆ ಓಡತ್ತೆ?” ವೈಷ್ಣವಿ ಕೇಳಿದಳು.

“ನಂಗೂ ಅದೇ ಕುತೂಹಲ. ಗೊರಕೆ ಹೊಡೀತಾರಾ?”

“ಪಕ್ಕದ್ಮನೆಗೂ ಕೇಳ್ಸುತ್ತೆ.”

“ಮಧ್ಯೆ ನಿಲ್ಲುತ್ತಾ?”

ನಿಂತ ಮೇಲೆ ಏನಾಗುತ್ತದೆಂದು ವೈಷ್ಣವಿ ನೋಡಿರಲೇ ಇಲ್ಲ. ಗೊರಕೆ ನಿಂತರೆ, ಸದ್ಯ ನಿಂತಿತಲ್ಲ ಎಂದು ಅವಳೇ ನಿದ್ದೆ ಹೋಗುತ್ತಿದ್ದಳು.

ಭಾನುವಾರ ರೊಟ್ಟಿ, ಎಣ್ಣೆಗಾಯಿ ಉಂಡು ಅವನು ಅಡ್ಡಾದಾಗ ಅವಳು ಪಕ್ಕದಲ್ಲಿ ಕೂತು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟಳು. ಗೊರಕೆ ಏರಿತು, ಏರಿತು, ನಿಂತಿತು. ಹೊಟ್ಟೆ ಮೇಲೆ ಕೆಳಗೆ ಜಗ್ಗುತ್ತಿತ್ತು, ಮೂಗಿನಲ್ಲಿ ಉಸಿರೇ ಇಲ್ಲ. ಬೆರಳಡಿಯ ನಾಡಿ ನಿಧಾನವಾಯಿತು, ಇನ್ನೂ ನಿಧಾನ. ಹೆದರಿಕೆಯಾದರೂ ಅವಳು ಬೆರಳು ತೆಗೆಯಲಿಲ್ಲ. ಒಮ್ಮೆಲೇ ಅವನು ಗಂಟಲು ಹರಿದವನಂತೆ ಉಸಿರೆಳೆದುಕೊಂಡು ಮಗ್ಗುಲಾದ. ನಾಡಿ ಕುದುರೆಯಂತೆ ಓಡಿತು. ಅವನಿಗೆ ಎಚ್ಚರವಾಗಲೇ ಇಲ್ಲ. ಮತ್ತೆ ಗೊರಕೆ, ಮತ್ತೆ ಮೌನ. ಇನ್ನು ತಡೆಯಲಾಗದೆ ಅವಳು ಭುಜ ಹಿಡಿದು ಅಲುಗಿಸಿದಳು.

“ಏಳ್ರೀ! ನೀವು ಉಸ್ರೇ ಆಡ್ತಿರ್ಲಿಲ್ಲ!”

“ನಿಂಗೇನ್ ಹುಚ್ಚಾ? ಈಗಷ್ಟೇ ನಿದ್ದೆ ಹತ್ತಿತ್ತು,” ಎಂದು ಅವನು ಕಣ್ಣುಜ್ಜಿಕೊಂಡ.

ನಿದ್ದೆಯ ಪರೀಕ್ಷೆಯೂ ಅವಳು ಕಂಡದ್ದನ್ನೇ ಹೇಳಿತು. ಡಾಕ್ಟರು ವಿವರಿಸಿದರು: “ನಿದ್ದೇಲಿ ಗಂಟಲು ಸಡಿಲಾಗಿ ದಾರಿ ಮುಚ್ಕೊಳ್ಳುತ್ತೆ. ಆಗ ಹಾರ್ಟನ್ನ ನಿಧಾನ ಮಾಡೋ ನರ ಎಳೆಯುತ್ತೆ. ಮೆದುಳು ಗಾಬರಿಯಾಗಿ ನಿಮ್ಗೇ ಗೊತ್ತಾಗ್ದಂಗೆ ಎಬ್ಬಿಸಿದ ಕೂಡ್ಲೇ ಓಡ್ಸೋ ನರಗಳ ಸರದಿ. ರಾತ್ರಿಯೆಲ್ಲಾ ಈ ಜಗ್ಗಾಟ. ಆಮೇಲೆ ಹಗಲಲ್ಲೂ ಓಡ್ಸೋ ನರಗಳದ್ದೇ ಜೋರು. ಬಿ.ಪಿ. ಇಳೀದೇ ಇರೋದಕ್ಕೂ ಇದು ಕಾರಣ ಇರ್ಬೋದು.”

ಮಲಗುವಾಗ ಮೂಗಿಗೆ ಹಾಕಿದ ಮಾಸ್ಕಿಗೆ ಕೊಳವೆಯಿಂದ ಗಾಳಿ ಒತ್ತಿ ಗಂಟಲು ತೆರೆದಿಡುವ ಯಂತ್ರ ಮನೆಗೆ ಬಂತು. “ಸೊಂಡಿಲು ಕಟ್ಕೊಂಡಂಗಾಯ್ತು,” ಎಂದು ಸಿದ್ಧಲಿಂಗೇಶ ಮೊದಮೊದಲು ಕಿತ್ತೆಸೆದ. ಮಾಸ್ಕಿನ ಅಳತೆ ಬದಲಿಸಿದ ಮೇಲೆ ಒಗ್ಗಿಕೊಂಡ.

ಕೆಲವು ತಿಂಗಳ ನಂತರದ ದಾಖಲೆಯಲ್ಲಿ ನಿದ್ದೆಯ ಆ ದೊಡ್ಡ ಅಲೆಗಳಿರಲಿಲ್ಲ. ಆದರೆ ಮೊದಲು ಸಪಾಟಾಗಿದ್ದ ಹಗಲಿನ ಗೆರೆ ಈಗ ಸಣ್ಣಗೆ ಏರಿಳಿಯುತ್ತಿತ್ತು. ಸಿದ್ಧಲಿಂಗೇಶ ಪರದೆಯತ್ತ ಬಾಗಿದ. “ಈಗ ತಾಳ ತಪ್ಪಿದೆಯಲ್ಲ ಮೇಡಂ?”

ಕಮರುನ್ನೀಸಾ ನಕ್ಕರು. “ಹಂಗೇ ಇರ್ಬೇಕು. ಉಸ್ರು ತಗೊಂಡಾಗ ಚೂರು ಬೇಗ, ಬಿಟ್ಟಾಗ ಚೂರು ನಿಧಾನ. ಒಂದೇ ಸಮ ಟಿಕ್ ಟಿಕ್ ಅಂತಿದ್ದಾಗ್ಲೇ ನಿಮ್ಮ ಹಾರ್ಟು ದಣಿದಿತ್ತು.” ಬಿ.ಪಿ. ಇಳಿದಿದ್ದರಿಂದ ಒಂದು ಮಾತ್ರೆಯನ್ನೂ ನಿಲ್ಲಿಸಿದರು.

ಹೊರಗೆ ಬಂದವನೇ ಸಿದ್ಧಲಿಂಗೇಶ, ತನ್ನಂತೆಯೇ ಗೊರಕೆ ಹೊಡೆಯುವ ಅಣ್ಣನ ನೆನಪಾಗಿ ಊರಿಗೆ ಫೋನ್ ಮಾಡಿದ. ಅತ್ತಿಗೆ ಎತ್ತಿದಳು.

“ವೈನಿ, ಅಣ್ಣ ಹಗಲೊತ್ತು ಕುಂತಲ್ಲೇ ನಿದ್ದಿ ಹೊಡೀತಾನೇನ್ರಿ?”

“ಅಯ್ಯ, ಮೊನ್ನಿ ಮದವಿ ಮನ್ಯಾಗ ಅಕ್ಕಿಕಾಳು ಕೈಯಾಗ ಹಿಡ್ಕೊಂಡ ಮಲಗಿದ್ರು! ಮಂದಿಯೆಲ್ಲಾ ನಕ್ಕಿದ್ದ ನಕ್ಕಿದ್ದು.”

“ನಗಬ್ಯಾಡ್ರಿ ವೈನಿ. ಈ ವಾರಾನ ಇಲ್ಲಿಗೆ ಕರ್ಕೊಂಡ್ ಬರ್ರಿ,” ಅಂದ ಸಿದ್ಧಲಿಂಗೇಶ.