ಚೌಕಟ್ಟಿನೊಳಗೆ ಬಿದ್ದದ್ದು

ಗುಂಡಿ ಸಾಲಲಿಲ್ಲ, ಸತ್ತ ಹಕ್ಕಿಯ ಒಂದು ರೆಕ್ಕೆ ಹೊರಗೇ ಉಳಿಯಿತು. ಮೆರಿನ್ ಬೂಟುಗಾಲಿನಿಂದ ಅದನ್ನು ಒಳಕ್ಕೆ ಮಡಚಿ ಸಲಿಕೆಯಿಂದ ಮರಳೆಳೆದಳು. ಮೂಳೆ ಲಟಕ್ಕೆಂದಿತು.

ಅಕ್ಟೋಬರಿನಲ್ಲಿ ಮಟನ್‌ಬರ್ಡ್ ಎಂಬ ಕಡಲಹಕ್ಕಿಗಳು ಅಲಾಸ್ಕದ ಕಡೆಯಿಂದ ದಕ್ಷಿಣ ಗೋಳಾರ್ಧದ ವಿಕ್ಟೋರಿಯದ ಈ ಕಡಲದಂಡೆಗೆ ಹಾರಿ ಬರುತ್ತವೆ. ಬಂದು ಮುಟ್ಟಿದ ಮೇಲೆ ಕೆಲವು ಹಸಿದು ಬಿದ್ದು ಸಾಯುತ್ತವೆ. ಹತ್ತನೆಯ ತರಗತಿಯ ಭೂಗೋಳದ ಮಕ್ಕಳು ದಂಡೆ ಅಳೆಯಲು ಬರುವುದೂ ಆಗಲೇ. ಮಕ್ಕಳು ಹೆಣಗಳನ್ನು ನೋಡಬೇಕಾಯಿತೆಂದು ಒಮ್ಮೆ ಒಬ್ಬ ತಾಯಿ ದೂರು ಕೊಟ್ಟಿದ್ದಳು. ಅಂದಿನಿಂದ ಬಸ್ಸು ಬರುವ ಮೊದಲು ಹಕ್ಕಿಗಳನ್ನು ಹೂಳುವುದು ಭೂಗೋಳದ ಟೀಚರಾದ ಮೆರಿನ್‌ಳ ಕೆಲಸ.

"ಆ ಕಡೆ ಇನ್ನೊಂದಿದೆ ನೋಡು," ಎಂದ ಉಪಪ್ರಾಂಶುಪಾಲ ಲೆಯ್ಟನ್. ಕ್ಯಾಮೆರಾ ನೇತುಹಾಕಿಕೊಂಡು ಒಣ ಮರಳಿನಲ್ಲಿ ನಿಂತಿದ್ದ. "ಶಾಲೆಯ ಫೋಟೋದಲ್ಲಿ ಹೆಣ ಬರ್ಬಾರ್ದು. ಅಂದ್ಹಾಗೆ, ವಿಭಾಗದ ಮುಖ್ಯಸ್ಥೆ ಆಗೋ ವಿಷ್ಯ ಏನ್ ಮಾಡ್ದೆ? ಸಂಜೆ ಹೇಳ್ಬೇಕು ನೀನು."

"ಯೋಚ್ನೆ ಮಾಡ್ತಿದೀನಿ."

"ಯೋಚ್ನೆಗೇನಿದೆ? ಕೆಲಸ ಇದೇ. ಸಲಿಕೆ ಮಾತ್ರ ಬೇರೆಯವರ ಕೈಗೆ ಹೋಗುತ್ತೆ."

ಅವನು ನಕ್ಕ. ಅವಳೂ ನಕ್ಕಳು. ಆ ನಗು ಬಾಯಲ್ಲಿ ಜಿಡ್ಡಿನಂತೆ ಉಳಿಯಿತು.

ಮಕ್ಕಳು ಬಂದರು. ಸನ್‌ಸ್ಕ್ರೀನ್ ಬಳಿದುಕೊಂಡರು, ಟೋಪಿ ಮರೆತವರು ಬೈಸಿಕೊಂಡರು. ಅಲೆಯ ಅಂಚಿನಿಂದ ಮರಳುದಿಬ್ಬದವರೆಗೆ ಹಗ್ಗ ಎಳೆದಾಯಿತು. ಹಗ್ಗದುದ್ದಕ್ಕೂ ಅಲ್ಲಲ್ಲಿ ಮರಳ ಮೇಲೆ ಚದರ ಚೌಕಟ್ಟಿಟ್ಟು, ಅದರೊಳಗೆ ಏನಿದೆಯೋ ಬರೆಯಬೇಕು.

"ಚೌಕಟ್ಟು ಎಲ್ಲಿ ಬೀಳುತ್ತೋ ಅಲ್ಲೇ. ಚೆಂದದ ಜಾಗ ಹುಡುಕೋ ಹಾಗಿಲ್ಲ," ಎಂದಳು, ಪ್ರತಿವರ್ಷದಂತೆ.

"ಮಿಸ್, ಇಲ್ಲೊಂದು ಕೊಕ್ಕಿದೆ." ಪೈಪರ್ ಎಂಬ ಹುಡುಗಿ ಮಂಡಿಯೂರಿದ್ದಳು.

ಮರಳು ಜರಿದು ಹಕ್ಕಿಯ ಮುಖ ಹೊರಬಂದಿತ್ತು. ಕಣ್ಣಿದ್ದಲ್ಲಿ ಹುಳುಗಳು ಮಿಜಿಗುಡುತ್ತಿದ್ದವು.

"ಪೈಪರ್, ನಿನ್ ಬಾಯ್‌ಫ್ರೆಂಡ್ ಸಿಕ್ದ," ಎಂದ ಹಿಂದಿನಿಂದ ಒಬ್ಬ ಹುಡುಗ.

"ನಿನಗಿಂತ ವಾಸ್ನೆ ಕಮ್ಮಿ, ಮುಚ್ಕೊಂಡಿರು. ಮಿಸ್, ಇದನ್ನ ಯಾವ್ದರಲ್ಲಿ ಸೇರಿಸ್ಲಿ? ಹಾಳೇಲಿ ಮರಳು, ಪಾಚಿ, ಚಿಪ್ಪು, ಕಸ, ಇಷ್ಟೇ ಕೊಟ್ಟಿರೋದು."

ಲೆಯ್ಟನ್ ಕ್ಯಾಮೆರಾ ಇಳಿಸಿ ಮೆರಿನ್‌ಳನ್ನೇ ನೋಡುತ್ತಿದ್ದ.

"ಚೌಕಟ್ಟನ್ನ ಸ್ವಲ್ಪ ಪಕ್ಕಕ್ಕಿಡು," ಎಂದಳು ಮೆರಿನ್.

"ಎಲ್ಲಿ ಬೀಳುತ್ತೋ ಅಲ್ಲೇ ಅಂದ್ರಲ್ಲ."

"ಪಕ್ಕಕ್ಕಿಡು, ಪೈಪರ್."

ಹುಡುಗಿ ವಾದಿಸಿದ್ದರೆ ಮೆರಿನ್ ಸಹಿಸಿಕೊಳ್ಳಬಹುದಿತ್ತು. ಅವಳು ಟೀಚರಿನ ಮುಖವನ್ನು ಒಮ್ಮೆ ನೋಡಿ, ಏನೋ ಅರ್ಥವಾದವಳಂತೆ ಕಣ್ಣು ತಗ್ಗಿಸಿ, ಚೌಕಟ್ಟನ್ನು ಶುಭ್ರ ಮರಳಿನ ಮೇಲಿಟ್ಟಳು. ಇಷ್ಟು ಬೇಗ ಅವಳು ಬೇರೆ ಯಾವ ಪಾಠವನ್ನೂ ಕಲಿತಿರಲಿಲ್ಲ.

"ಹಾಂ, ಹಾಗೇ ಇರು," ಎಂದು ಲೆಯ್ಟನ್ ಫೋಟೋ ತೆಗೆದ.

ಊಟವಾದ ಮೇಲೆ ದಂಡೆಯ ಇಳಿಜಾರು ಅಳೆಯುವುದಿತ್ತು. ಗುರುತಿಗೆಂದು ನೀರಿನಲ್ಲಿ ನೆಟ್ಟಗೆ ನಿಲ್ಲಿಸುವ ಕೋಲನ್ನು ಮಕ್ಕಳು ಹಿಡಿಯುವಂತಿಲ್ಲ, ಶಾಲೆಯ ನಿಯಮ. ಮೆರಿನ್ ಬೂಟು ಕಳಚಿ ಕೋಲು ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ತಣ್ಣಗಿನ ನೀರು ಕೊಂಚ ಹಿತವಾಗಿತ್ತು. ಸಂಜೆ ಬೇಡ ಎನ್ನುತ್ತೇನೆ ಅಂದುಕೊಂಡಳು. ಆ ಪದವಿಯೂ ಬೇಡ, ಮುಂದಿನ ವರ್ಷ ಈ ಶಾಲೆಯೂ ಬೇಡ. ಮನೆಯಲ್ಲಿ ಕೂಡ ಈಗಲೇ ಹೇಳುವುದಿಲ್ಲ.

ದಂಡೆಯ ಮೇಲೆ ಪೈಪರ್ ಒಂದು ಕಣ್ಣು ಮುಚ್ಚಿ, ಕೋನಮಾಪಕದ ಕಿಂಡಿಯಲ್ಲಿ ಅವಳತ್ತ ಗುರಿಯಿಟ್ಟಳು.

"ಮಿಸ್, ಅಲ್ಲಾಡ್ಬೇಡಿ."

ಮೆರಿನ್ ಅಲ್ಲಾಡಲಿಲ್ಲ. ಹಿಂದೆ ಸರಿಯುವ ಪ್ರತಿ ಅಲೆಯೂ ಹಿಮ್ಮಡಿಯಡಿಯ ಮರಳನ್ನು ಒಯ್ಯುತ್ತಿತ್ತು. ಕೋಲಿನೊಂದಿಗೆ ಅವಳೂ ನೆಟ್ಟಗೆ, ಚೂರುಚೂರೇ ಕೆಳಗಿಳಿಯುತ್ತಿದ್ದಳು.

"ಸರಿಯಾಗಿದೆ," ಎಂದು ಪೈಪರ್ ಕೂಗಿ ಹೇಳಿ, ಕೋನ ಬರೆದುಕೊಂಡಳು.