ಗುಂಡನನ್ನು ಯಾರಿಗೆ ಒಪ್ಪಿಸುವುದು

ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದೇವೆಂದು ಅಳಿಯ ಫೋನ್ ಮಾಡಿದಾಗ ಟೈಲರಮ್ಮ ಯಾರದೋ ಅಂಗಿಗೆ ತೋಳು ಕೂರಿಸುತ್ತಿದ್ದಳು. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.

"ಅತ್ತೆ, ಇವತ್ತೇ ಹೊರಟುಬಿಡಿ. ಅಮ್ಮ ಅಮ್ಮ ಅಂತಿದಾಳೆ."

ಹೊರಡುವುದೇನೋ ಸರಿ, ಗುಂಡನನ್ನು ಏನು ಮಾಡುವುದು? ಹದಿನಾಲ್ಕು ವರ್ಷದ ನಾಯಿ, ಎರಡು ಕಣ್ಣೂ ಹೋಗಿದ್ದವು. ಅವಳು ತಲೆಯ ಮೇಲೆ ಕೈಯಿಟ್ಟು ಕೂತರೆ ಮಾತ್ರ ತಟ್ಟೆಗೆ ಬಾಯಿ ಹಾಕುತ್ತಿತ್ತು.

ನಾಯಿಗಳನ್ನು ಇಟ್ಟುಕೊಳ್ಳುವ ಕಡೆ ಕೇಳಿದಳು. "ಹತ್ತು ವರ್ಷ ದಾಟಿದ್ದನ್ನ ತಗೊಳ್ಳಲ್ಲ ಮೇಡಂ. ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೆ ಬರುತ್ತೆ" ಎಂದರು. ಜೊತೆಗೇ ಕರೆದೊಯ್ಯೋಣವೆಂದು ಬಸ್ ನಿಲ್ದಾಣಕ್ಕೆ ಹೋದರೆ, ಇಂಜಿನ್ನಿನ ಸದ್ದಿಗೆ ಬೆದರಿದ ಗುಂಡ ಅವಳ ಚಪ್ಪಲಿಯ ಮೇಲೇ ಉಚ್ಚೆ ಹೊಯ್ದಿತು. "ಜನ ಗಲಾಟೆ ಮಾಡ್ತಾರೆ ಅಕ್ಕ, ನಾನೇನ್ ಮಾಡ್ಲಿ?" ಎಂದು ಕಂಡಕ್ಟರ್ ಬಾಗಿಲೆಳೆದುಕೊಂಡ.

ಉಳಿದವರು ಮೇಲಿನ ಮನೆಯ ನಿವೃತ್ತ ಅಂಚೆಯಣ್ಣ ಒಬ್ಬರೇ. ನಾಯಿಯೆಂದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು.

"ಮೂವತ್ತು ವರ್ಷ ನಾಯಿ ಕೈಲಿ ಕಚ್ಚಿಸ್ಕೊಂಡೇ ಕಾಗದ ಹಂಚಿದೀನಮ್ಮ. ಈಗ ಅದಕ್ಕೇ ಊಟ ಬಡಿಸು ಅಂತೀಯಲ್ಲ!"

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ನಾಲ್ಕೇ ನಾಲ್ಕು ದಿನ."

ಅವರು ಕೀಲಿಕೈ ಇಸಿದುಕೊಂಡರು.

ನಾಲ್ಕು ದಿನ ಎಂದದ್ದು ಬರೀ ಬಾಯಿಮಾತಾಯಿತು. ಆಪರೇಷನ್ ಮಾಡಿ ತೆಗೆದ ಮಗು ಅಂಗೈಯಷ್ಟಿತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮಗಳಿಗೆ ಜ್ವರ ಇಳಿಯಲಿಲ್ಲ. ಟೈಲರಮ್ಮ ಒಂದು ಗಳಿಗೆ ಎದ್ದರೂ ಮಗಳು ಸೆರಗು ಹಿಡಿದುಕೊಳ್ಳುತ್ತಿದ್ದಳು.

ಅಂಚೆಯಣ್ಣನ ಫೋನು ದಿನಾ ಬರುತ್ತಿತ್ತು. ಬಾಗಿಲಲ್ಲೇ ನಿಂತು ಪೊರಕೆಯ ಹಿಡಿಯಿಂದ ತಟ್ಟೆ ಒಳಗೆ ತಳ್ಳುತ್ತಿದ್ದರಂತೆ. ಅನ್ನ ಹಾಗೇ ಒಣಗುತ್ತಿತ್ತು.

"ತಲೆ ಮೇಲೆ ಕೈಯಿಡಿ ಅಣ್ಣಾ. ಅವನ ಬಾಯಲ್ಲಿ ಹಲ್ಲೇ ಇಲ್ಲ."

"ಹಲ್ಲಿಲ್ಲ ಅಂತ ನಿನಗೆ ಗೊತ್ತು. ನನ್ನ ಕೈಗೆ ಗೊತ್ತಾಗಬೇಕಲ್ಲಮ್ಮ!"

ನಾಲ್ಕನೆಯ ದಿನ ಅವರ ದನಿಯೇ ಬೇರೆಯಾಗಿತ್ತು. "ಇಟ್ಟೆ ಕಣಮ್ಮ! ನಾಲ್ಕು ತುತ್ತು ತಿಂದ." ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅವಳು ನಕ್ಕಳು, ಕಣ್ಣೂ ಒರೆಸಿಕೊಂಡಳು. ಮರುದಿನ ಗುಂಡ ಮತ್ತೆ ಮುಖ ತಿರುಗಿಸಿತು. ಪಶುವೈದ್ಯರು ಬಂದು ನೋಡಿ, ವಯಸ್ಸಾಗಿದೆ ಎಂದಷ್ಟೇ ಹೇಳಿ ಹೋದರಂತೆ.

ಒಂದು ರಾತ್ರಿಯ ಮಟ್ಟಿಗೆ ಹೋಗಿಬರಲೇ ಎಂದು ಅವಳು ಅಳಿಯನನ್ನು ಕೇಳಿದಳು. ಅವನು ಬೇಡವೆನ್ನಲಿಲ್ಲ. "ನಾಯಿಗೋಸ್ಕರವಾ ಅತ್ತೆ?" ಎಂದ, ಅಷ್ಟೇ. ಅವಳು ಮಗಳ ಮಂಚದ ಪಕ್ಕಕ್ಕೆ ಮರಳಿದಳು.

ಏಳನೆಯ ದಿನ ಬೆಳಿಗ್ಗೆ ಫೋನೆತ್ತಿದರೆ ಅಂಚೆಯಣ್ಣ ಮಾತಾಡಲಾರದೆ ಬಿಕ್ಕುತ್ತಿದ್ದರು. "ನಿದ್ದೇಲೇ ಹೋದ ಕಣಮ್ಮ. ಪಕ್ಕದಲ್ಲೇ ಕೂತಿದ್ದೆ. ಹಿತ್ತಲಲ್ಲಿ ಮಣ್ಣು ಮಾಡಿದೀನಿ. ನನ್ನಿಂದ ಏನಾದ್ರೂ ತಪ್ಪಾಯ್ತೇನೋ…"

"ನಿಮ್ಮದೇನೂ ತಪ್ಪಿಲ್ಲ ಅಣ್ಣಾ," ಎಂದಳು.

ನಲ್ಲಿಯಲ್ಲಿ ಮುಖ ತೊಳೆದು ಒಳಗೆ ಬಂದಳು. ಅಂದೇ ಜ್ವರ ಬಿಟ್ಟಿದ್ದ ಮಗಳು ದಿಂಬಿಗೊರಗಿ ಕೂತಿದ್ದಳು.

"ಯಾರಮ್ಮ, ಅಂಚೆ ಮಾವನಾ? ಗುಂಡ ಹೇಗಿದಾನಂತೆ?"

"ಆರಾಮಾಗಿದಾನಂತೆ."

"ಹಾಗಾದ್ರೆ ಇನ್ನೊಂದು ತಿಂಗಳು ಇಲ್ಲೇ ಇರಬಹುದಲ್ವಾ ನೀನು?"

"ಇರ್ತೀನಿ," ಎಂದು ಟೈಲರಮ್ಮ ಅವಳ ಹೊದಿಕೆ ಸರಿಮಾಡಿದಳು.