ಎಪ್ಪತ್ತೊಂದು ಮಾರ್ಕಿನ ಫಾರಸಿ

ಶಿದ್ಲಿಂಗಪ್ಪ ಮಾಸ್ತರರು ಫಾರಸಿ ಭಾಷೆಯನ್ನು ತಮ್ಮ ಜನ್ಮದಲ್ಲಿ ಎರಡು ಸಲ ಆರಿಸಿಕೊಂಡರು. ಮೊದಲ ಸಲ ಆರಿಸಿಕೊಂಡಾಗ ಮೂಡಲಗಿ ಊರಿಗೆ ಊರೇ ಹೊಗಳಿತು. ಎರಡನೆಯ ಸಲ ಮನೆಯವರೇ ನಕ್ಕರು. ಯಾವುದನ್ನು ಹೊಗಳಬೇಕು, ಯಾವುದಕ್ಕೆ ನಗಬೇಕು ಎಂಬುದು ಜನಕ್ಕೆ ತಿಳಿದಿದ್ದರೆ ಈ ಕಥೆಯನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಮೊದಲ ಸಲದ ಮಾತು ಬೆಳಗಾವಿಯ ಹೈಸ್ಕೂಲಿನದು. ನಾಲ್ಕನೆಯ ಇಂಗ್ಲಿಷಿಗೆ ಬಂದ ಹುಡುಗರು ಇನ್ನೊಂದು ಭಾಷೆಯನ್ನು ಆರಿಸಿ ಫಾರ್ಮು ತುಂಬಬೇಕಾಗಿತ್ತು. ಸಂಸ್ಕೃತ, ಫಾರಸಿ, ಫ್ರೆಂಚ್ ಎಂದು ಅದರಲ್ಲಿ ಮೂರು ಹೆಸರುಗಳಿದ್ದವು. ಫ್ರೆಂಚ್ ಕಲಿಸುವವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ, ಅದು ಫಾರ್ಮಿನ ಶೋಭೆಗಾಗಿ ಇತ್ತು. ಅಪ್ಪ ಉದ್ದಪ್ಪನವರು ಬೆಲ್ಲದ ವ್ಯಾಪಾರಸ್ಥರು. ಮಗ ಮಠದ ಸ್ವಾಮಿಗಳ ಮುಂದೆ ನಾಲ್ಕು ಶ್ಲೋಕ ಹೇಳಲಿ ಎಂದು ಅವರ ಆಸೆ. ಆದರೆ ಸಂಸ್ಕೃತದ ಶಾಸ್ತ್ರಿಗಳು ಒಂದು ವಿಭಕ್ತಿ ತಪ್ಪಿದರೆ ಇಡೀ ತಾಸು ಬೆಂಚಿನ ಮೇಲೆ ನಿಲ್ಲಿಸುವವರು. ಬಾಡಿಗೆಯ ಖೋಲಿಯಲ್ಲಿ ಜೊತೆಗಿದ್ದ ಕೊಣ್ಣೂರಿನ ಗುಡ್ಡಪ್ಪ ದಾರಿ ತೋರಿಸಿದ.

"ಸಂಸ್ಕೃತ ತಗೊಂಡ್ರ ಎರಡ ವರ್ಷ ಕುಂತಲ್ಲೇ ಕುಂದರ್ತಿ ನೋಡಲೇ. ಫಾರಸಿ ತಗೋ. ಅದನ್ನ ಕಲಿಸೋ ಮುನ್ಶಿ ಸಾಹೇಬ್ರು ಭಾಳ ಚಲೋ ಮನಷ್ಯಾ. ಮಾರ್ಕ್ಸ ತಾವ ನಡಕೊಂಡ ಬರ್ತಾವು."

ಫಾರಸಿ ಕಲಿಯುವ ರೀತಿ ಹೀಗಿತ್ತು. ಪರೀಕ್ಷೆಗೆ ಗೊತ್ತುಮಾಡಿದ ಪುಸ್ತಕ ಒಂದೇ. ಅದರಲ್ಲಿನ ಒಂದೊಂದು ಪಾಠದ ಅರ್ಥವನ್ನು ಮುನ್ಶಿಗಳು ಹೇಳಿ ಬರೆಸುತ್ತಿದ್ದರು, ಹುಡುಗರು ಬಾಯಿಪಾಠ ಮಾಡುತ್ತಿದ್ದರು. ಅಕ್ಷರದ ಗೋಜು ಬೇಡವೆಂದು ಪಾಠದ ಮೊದಲ ಸಾಲನ್ನು ಪಕ್ಕಕ್ಕೆ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮೊದಲಿನ ಎರಡು ಶಬ್ದಗಳ ಗುರುತು ಹತ್ತಿದರೆ ಸಾಕು, ಉಳಿದ ಅರ್ಥವೆಲ್ಲ ಕಣ್ಣುಮುಚ್ಚಿ ಬರೆಯಬಹುದು. ಶಿದ್ಲಿಂಗಪ್ಪ ಹಾಗೆಯೇ ಬರೆದ. ನೂರಕ್ಕೆ ಎಪ್ಪತ್ತೊಂದು ಬಿದ್ದವು. ಹೊಟ್ಟೆಗೆ ಒಂದು ಅಕ್ಷರವೂ ಇಳಿಯಲಿಲ್ಲ.

ಮ್ಯಾಟ್ರಿಕ್ ಪಾಸಾದವನು ಮೂಡಲಗಿಯ ಶಾಲೆಗೆ ಮಾಸ್ತರನಾಗಿ ಬಂದ. ಇಂಗ್ಲಿಷು ಬಲ್ಲವರು ಊರಲ್ಲಿ ಇನ್ನೊಬ್ಬಿಬ್ಬರು ಇದ್ದರು, ಫಾರಸಿ ಓದಿದವರು ಮಾತ್ರ ಯಾರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಜನ 'ಫಾರಸಿ ಮಾಸ್ತರ' ಎಂದು ಕರೆಯತೊಡಗಿದರು. ಕರೆದಾಗ ಅವರು ಒಮ್ಮೆಯೂ ಬೇಡವೆನ್ನಲಿಲ್ಲ. ಬೇಡವೆನ್ನಬೇಕಾಗಿದ್ದದ್ದು ಆಗಲೇ.

ಊರ ಅಗಸಿಬಾಗಿಲ ಹತ್ತಿರ ನಾಲಬಂದರ ಮನೆ ಇತ್ತು. ಎತ್ತು ಕುದುರೆಗಳಿಗೆ ನಾಲ, ಎಂದರೆ ಲಾಳ, ಕಟ್ಟುವುದು ಆ ಮನೆತನದ ಕಸಬು. ಮನೆಯ ಯಜಮಾನ ಇನ್ಫ್ಲುಯೆಂಜಾ ಬೇನೆಯಲ್ಲಿ ತೀರಿಕೊಂಡಿದ್ದ. ಒಬ್ಬನೇ ಮಗ ಹಜರತಅಲಿ ಲಡಾಯಿಗೆ ಹೋಗಿದ್ದ, ಬಂದೂಕು ಹೊರಲಿಕ್ಕಲ್ಲ, ಪಲ್ಟನಿನ ಹೇಸರಗತ್ತೆಗಳಿಗೆ ನಾಲ ಕಟ್ಟಲಿಕ್ಕೆ. ಬಸರೆಗೆ ಹೋದ, ಅಲ್ಲಿಂದ ಇರಾಣಕ್ಕೆ ಹೋದ ಎಂದು ಸುದ್ದಿ ಬಂದಿತ್ತು. ಲಡಾಯಿ ಮುಗಿಯಿತು, ಹೋದವರು ಒಬ್ಬೊಬ್ಬರೇ ಮರಳಿದರು, ಹಜರತಅಲಿ ಮರಳಲಿಲ್ಲ. ತಾಯಿ ಮೈನಾಬಿ ದಿನಾ ಟಪಾಲಿನವನ ದಾರಿ ಕಾಯುತ್ತಿದ್ದಳು.

೧೯೧೯ರ ಸಂಕ್ರಾಂತಿ ಮುಗಿದ ವಾರ ಒಂದು ಲಕೋಟೆ ಬಂತು. ಒಳಗಿನ ಕಾಗದವೆಲ್ಲ ಫಾರಸಿ. ಮಸೀದಿಯ ಮುಲ್ಲಾ ಹಿಂದೆಮುಂದೆ ತಿರುಗಿಸಿ ನೋಡಿ, ಇದು ತನ್ನ ಕೈಲಾಗದ ಕೆಲಸ ಎಂದು ನೇರವಾಗಿ ಹೇಳಿ ಕೈಮುಗಿದ. ಆ ಬಡ ಮುಲ್ಲಾನಿಗಿದ್ದ ಧೈರ್ಯ ಮ್ಯಾಟ್ರಿಕ್ ಪಾಸಾದವರಿಗೆ ಇರಲಿಲ್ಲ ಎಂಬುದೇ ನನ್ನ ಸಿಟ್ಟು.

ಮೈನಾಬಿ ಕಾಗದ ಹಿಡಿದುಕೊಂಡು ಶಾಲೆಗೇ ಬಂದಳು. ಹಿಂದೆ ಓಣಿಯ ಜನ. ಮಾಸ್ತರರು ಕಾಗದ ಕೈಗೆತ್ತಿಕೊಂಡರು. ಪುಸ್ತಕದಲ್ಲಿ ಅಚ್ಚಾದ ಅಕ್ಷರ ಒಂದೊಂದಾಗಿ ನಿಂತಿರುತ್ತಿತ್ತು. ಇಲ್ಲಿ ಕೈಬರಹ ಒಂದರ ಮೇಲೊಂದು ಬಿದ್ದು ಓಡುತ್ತಿತ್ತು. ಅಷ್ಟರಲ್ಲಿ ಮೇಲಿನ ಸಾಲಿನಲ್ಲಿ ಎರಡು ಶಬ್ದಗಳ ಗುರುತು ಹತ್ತಿತು. 'ಪೂಜ್ಯ ಮಾತೆಗೆ' ಎಂಬ ಅರ್ಥದವು. ಪುಸ್ತಕದ ಒಂಬತ್ತನೆಯ ಪಾಠ ಹೀಗೆಯೇ ಶುರುವಾಗುತ್ತಿತ್ತು, ದೂರದೇಶದ ಮಗ ತಾಯಿಗೆ ಬರೆದ ಪತ್ರ. ಮಾಸ್ತರರು ಕಾಗದದ ನಾಲ್ಕೂ ಮೂಲೆ ನೋಡಿದರು. ಸಾವಿನ ಸುದ್ದಿ ಇದ್ದರೆ ಮೂಲೆ ಹರಿದಿರಬೇಕು, ಅದು ನಮ್ಮ ಕಡೆಯ ರೂಢಿ. ಮೂಲೆ ಹರಿದಿರಲಿಲ್ಲ. ಇರಾಣದವರಿಗೂ ಮೂಡಲಗಿಯ ರೂಢಿ ಗೊತ್ತಿರುತ್ತದೆ ಎಂದು ನಂಬಿಕೊಂಡು ಅವರು ಒಂಬತ್ತನೆಯ ಪಾಠವನ್ನು ಒಪ್ಪಿಸಿಬಿಟ್ಟರು.

"ನಾ ಆರಾಮ ಅದೇನಿ ಅಂತ ಬರದಾನ್ರಿ ಕಾಕು. ಧಣಿ ಚಲೋ ಅದಾನಂತ. ಹೊಟ್ಟಿಗಿ ಬಟ್ಟಿಗಿ ಕಮ್ಮಿ ಇಲ್ಲಂತ. ಚಿಂತಿ ಮಾಡಬ್ಯಾಡ ಅಂದಾನ."

ಮೈನಾಬಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಸಕ್ಕರೆಯನ್ನು ಮಾಸ್ತರರ ಅಂಗೈಗೆ ಹಾಕಿದಳು. ಆಮೇಲೆ ಕೇಳಿದಳು. "ಜವಾಬ ಏನಂತ ಬರೀಬೇಕ್ರಿ ಮಾಸ್ತರ? ನೀವ ಬರಕೊಡ್ರಿ."

ಇದು ಒಂಬತ್ತನೆಯ ಪಾಠದಲ್ಲಿ ಬಾರದ ಪ್ರಶ್ನೆಯೇನೂ ಅಲ್ಲ. ಪಾಠದ ಕೊನೆಯ ಸಾಲಿನಲ್ಲಿ ಅದಕ್ಕೆ ಉತ್ತರವೂ ಇತ್ತು. ಫಾರಸಿಯಲ್ಲಿ ಒಂದು ಸಾಲು ಬರೆಯಬೇಕಾದೀತೆಂಬ ದಿಗಿಲಿಗೆ ಮಾಸ್ತರರು ಆ ಸಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡರು. "ಜವಾಬ ಬ್ಯಾಡಂತ್ರಿ. ಲಗೂನ ತಾನ ಬರ್ತಾನಂತ."

ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ಬಿಸಿ ತುಪ್ಪದಂತೆ ಅದು ಮೂರು ವರ್ಷ ಗಂಟಲಲ್ಲೇ ಇತ್ತು.

ಹಜರತಅಲಿ ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಮೈನಾಬಿ ಶಾಲೆಯ ಮುಂದೆ ಹಾಯುವಾಗಲೆಲ್ಲ ನಿಲ್ಲುತ್ತಿದ್ದಳು. "ಲಗೂನ ಅಂದ್ರ ಫಾರಸಿಯೊಳಗ ಎಷ್ಟ ದಿವಸ್ರಿ ಮಾಸ್ತರ?" ಎಂದು ನಕ್ಕೇ ಕೇಳುತ್ತಿದ್ದಳು. ಆ ನಗೆಯಲ್ಲಿ ಸಂಶಯ ಇರಲಿಲ್ಲ. ಸಂಶಯವಿದ್ದಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮಾಸ್ತರರು ಅವಳ ಓಣಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗತೊಡಗಿದರು. ಹುಡುಗರು 'ಫಾರಸಿ ಮಾಸ್ತರ' ಎಂದರೆ ಬೆತ್ತ ಎತ್ತುತ್ತಿದ್ದರು. ಹುಡುಗರಿಗೆ ತಮ್ಮ ತಪ್ಪೇನೆಂದು ತಿಳಿಯುತ್ತಿರಲಿಲ್ಲ.

೧೯೨೧ರಲ್ಲಿ ಹುಕ್ಕೇರಿಗೆ ವರ್ಗವಾಯಿತು. ಅವರು ಸಂತೋಷಪಟ್ಟರು. ಊರು ಬಿಟ್ಟರೆ ನಾಚಿಕೆಯೂ ಊರಲ್ಲೇ ಉಳಿಯುತ್ತದೆ ಎಂದು ತಿಳಿದಿದ್ದರು. ಅದು ಗಾಡಿಯ ಸಾಮಾನಿನ ಜೊತೆಗೇ ಬಂತು. ಕೊನೆಗೆ ಒಂದು ದಿನ ಊಟದ ಹೊತ್ತಿನಲ್ಲಿ, ತಾನು ಇನ್ನೊಂದು ಭಾಷೆ ಕಲಿಯಬೇಕೆಂದಿದ್ದೇನೆ ಎಂದು ಹೇಳಿದರು. ಹೆಂಡತಿ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ತಮ್ಮ ಅಣ್ಣಪ್ಪ ಗೋಕಾಕ ಫಾಲ್ಸಿನ ಮಿಲ್ಲಿನ ಆಫೀಸಿನಲ್ಲಿ ಕಾರಕೂನ, ಅವತ್ತು ಅಲ್ಲೇ ಇದ್ದ. ಅವನಿಗೆ ಹುರುಪು ಬಂತು.

"ಜರ್ಮನ್ ಕಲೀರಿ ಭಾವಾರ. ನಮ್ಮ ಮಿಲ್ಲಿಗಿ ಬರೋ ಬಣ್ಣದ ಡಬ್ಬಿ ಮ್ಯಾಲೆಲ್ಲಾ ಜರ್ಮನ್ನ. ಇಲ್ಲಾಂದ್ರ ಫ್ರೆಂಚ ಕಲೀರಿ, ಮುಂಬೈಯಾಗ ದೊಡ್ಡ ಕಂಪನಿಯವರು ಕರದ ಪಗಾರ ಕೊಡ್ತಾರ."

"ಫಾರಸಿ ಕಲಿಯೋಣಂತ ಮಾಡೇನಿ" ಎಂದರು ಮಾಸ್ತರರು.

ಅಣ್ಣಪ್ಪನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಶಿವಗಂಗವ್ವ ಬಡಿಯುವುದನ್ನು ನಿಲ್ಲಿಸಿ ನಕ್ಕಳು. "ಅದು ನಿಮಗ ಬರ್ತೈತೆಲ್ರಿ! ಅದರ ಹೆಸರ ಹೇಳೇ ನಮ್ಮಪ್ಪ ನನ್ನ ನಿಮಗ ಕೊಟ್ಟಾನ."

ಹೆಂಡತಿಯ ಮುಂದೆ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಮಾಸ್ತರರು ತಲೆ ತಗ್ಗಿಸಿ ರೊಟ್ಟಿ ಮುರಿದರು.

ಹುಕ್ಕೇರಿಯ ಗುಮ್ಮಟಗಳ ಹತ್ತಿರ ಗಫಾರ ಸಾಹೇಬರೆಂಬ ವಯೋವೃದ್ಧರು ಅತ್ತರಿನ ಅಂಗಡಿ ಇಟ್ಟಿದ್ದರು. ಅತ್ತರಿಗಿಂತ ಫಾರಸಿಯೇ ಅವರಲ್ಲಿ ಹೆಚ್ಚು. ಮಾಸ್ತರರು ಹೋಗಿ ಪಾಠ ಹೇಳಿರೆಂದು ಕೇಳಿಕೊಂಡರು. ಮೊದಲು ಎಲ್ಲಿಯವರೆಗೆ ಓದಿದ್ದೀರಿ ಎಂದು ಸಾಹೇಬರು ಕೇಳಿದಾಗ, "ಎಲ್ಲೀಮಟಾನೂ ಇಲ್ರಿ" ಎಂದರು. ಆ ಮಾತು ಬಾಯಿಂದ ಬಂದ ಮೇಲೆ ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು. ದಿನಾ ಸಂಜೆ ಅಲಿಫ್, ಬೇ ಎಂದು ಎಳೆಮಕ್ಕಳಂತೆ ತಿದ್ದಿದರು. ಕೈಬರಹದ ಕಾಗದಗಳನ್ನೇ ಹೆಚ್ಚು ಓದಿಸಿರೆಂದು ಗಂಟುಬಿದ್ದರು.

"ಕವಿತಾ ಓದೂದು ಬಿಟ್ಟ ಈ ಹಳೇ ಪತ್ರದ ಹುಚ್ಚ ಯಾಕ್ರಿ ನಿಮಗ?" ಎಂದು ಸಾಹೇಬರು ಒಮ್ಮೆ ಕೇಳಿದರು. ಮಾಸ್ತರರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿದರು.

೧೯೨೨ರ ಬೇಸಿಗೆ ಸೂಟಿಯಲ್ಲಿ ಅವರು ಮೂಡಲಗಿಗೆ ಹೋದರು, ನೆಟ್ಟಗೆ ನಾಲಬಂದರ ಮನೆಗೆ. ಮೈನಾಬಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಸ್ತರರನ್ನು ಕಂಡು ಹಿಗ್ಗಿದಳು, ಕಂಬಳಿ ಹಾಸಿದಳು, ಬೆಲ್ಲದ ಪಾನಕ ಕೊಟ್ಟಳು. ಅವರು ಪಾನಕ ಮುಟ್ಟಲಿಲ್ಲ.

"ಆ ಕಾಗದ ಕೊಡ್ರಿ ಕಾಕು. ಇನ್ನೊಮ್ಮೆ ಓದ್ತೇನಿ."

ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾಗದ ಮಡಿಕೆಗಳಲ್ಲಿ ಬಿರಿದಿತ್ತು. ಮಾಸ್ತರರು ಓದಿದರು. ಈ ಸಲ ಅಕ್ಷರಗಳು ಓಡಲಿಲ್ಲ.

ಕಾಗದವನ್ನು ಹಜರತಅಲಿ ಬರೆಸಿರಲೇ ಇಲ್ಲ. ಇರಾಣದ ಬುಶಹರ ಬಂದರಿನ ಒಬ್ಬ ನಾಲಬಂದ ಬರೆದದ್ದು. ಮೊದಲ ನಾಲ್ಕು ಸಾಲು ಬರೀ ಸಲಾಮು. ಆಮೇಲೆ ವಿಷಯವಿತ್ತು. ಹೇಸರಗತ್ತೆ ಒದ್ದು ನಿಮ್ಮ ಮಗನ ಸೊಂಟ ಮುರಿದಿದೆ, ಪಲ್ಟನಿನವರು ಬಿಟ್ಟುಹೋದರು. ಈಗ ಕೋಲೂರಿ ನಡೆಯುತ್ತಾನೆ, ನನ್ನ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಾನೆ. ಕುಂಟನಾಗಿ ತಾಯಿಗೆ ಭಾರವಾಗಲಾರೆ ಎನ್ನುತ್ತಾನೆ, ದಿನಾ ಅಳುತ್ತಾನೆ. ಅವನಿಗೆ ತಿಳಿಸದೆ ಬರೆಯುತ್ತಿದ್ದೇನೆ. ನೀವು ಬಾ ಎಂದು ಒಂದು ಮಾತು ಬರೆದರೆ ನಾನೇ ಹಡಗು ಹತ್ತಿಸುತ್ತೇನೆ. ರಮಜಾನಿನ ಈದಿನವರೆಗೆ ಉತ್ತರ ಬಾರದಿದ್ದರೆ ಅವನು ಹೇಳಿದ್ದೇ ಸರಿ ಎಂದು ತಿಳಿದು ಇಲ್ಲೇ ಇರಿಸಿಕೊಳ್ಳುತ್ತೇನೆ.

ಆ ಈದು ಹೋಗಿ ಮೂರು ವರ್ಷವಾಗುತ್ತ ಬಂದಿತ್ತು.

ಮೈನಾಬಿ ಹತ್ತಿರ ಸರಿದು ಕುಳಿತಳು. "ಬರ್ತೇನಿ ಅಂತ ಇನ್ನೂ ಐತೇನ್ರಿ ಅದರಾಗ?"

ಮಾಸ್ತರರಿಗೆ ಅಲ್ಲಿಯೇ ನೆಲ ಬಾಯಿ ಬಿಡಬಾರದೇ ಅನಿಸಿತು. ನೆಲ ಬಾಯಿ ಬಿಡಲಿಲ್ಲ, ಅವರೇ ಬಿಡಬೇಕಾಯಿತು. ಒಂದೊಂದೇ ಸಾಲು ಓದಿ ಒಂದೊಂದಾಗಿ ಅರ್ಥ ಹೇಳಿದರು. ಏನನ್ನೂ ಬಿಡಲಿಲ್ಲ, ಸಲಾಮುಗಳನ್ನು ಸಹ. ಮುಗಿದ ಮೇಲೆ ಅವಳು ತನ್ನ ಅಂಗೈ ನೋಡಿಕೊಂಡಳು.

"ಆವತ್ತ ಜವಾಬ ಬ್ಯಾಡ ಅಂದಿದ್ರೆಲ್ರಿ."

"ಆವತ್ತ ನನಗ ಓದಾಕ ಬರ್ತಿರಲಿಲ್ರಿ ಕಾಕು. ಪುಸ್ತಕದಾಗಿನ ಬ್ಯಾರೆ ಒಂದು ಪತ್ರ ಹೇಳಿದ್ನಿ."

"ಓದಾಕ ಬರಂಗಿಲ್ಲ ಅಂತ ಒಂದ ಮಾತ ಅಂದಿದ್ರ..." ಮೈನಾಬಿಯ ದನಿ ಏರಲಿಲ್ಲ. "ಹುಕ್ಕೇರಿಗಿ ನಡಕೊಂಡ ಹೋಗ್ತಿದ್ನಿ. ಅಲ್ಲಿ ಗಫಾರ ಸಾಹೇಬ್ರು ಅದಾರ. ನಮ್ಮ ಯಜಮಾನ್ರು ಅವರ ಕುದುರಿಗಿ ನಾಲ ಕಟ್ತಿದ್ರು. ಊರಾಗ ಇಷ್ಟ ಕಲಿತ ಮಾಸ್ತರ ಇರಬೇಕಾದ್ರ ಅಷ್ಟ ದೂರ ಯಾಕ ಅಂತ ನಿಮ್ಮ ಕಡೆ ಬಂದ್ನಿ."

ಬೈದಿದ್ದರೆ ಮಾಸ್ತರರು ಬದುಕುತ್ತಿದ್ದರು. ಅವರು ಕಣ್ಣೊರೆಸಿಕೊಂಡು ಚೀಲದಿಂದ ಕಾಗದ, ದೌತಿ ತೆಗೆದರು. "ಈಗ ಬರೀತೇನ್ರಿ. ಏನ ಬರೀಲಿ ಹೇಳ್ರಿ."

ಮೈನಾಬಿ ಯೋಚಿಸಲಿಲ್ಲ. ಬಾ ಎಂಬ ಮಾತು ಮೂರು ವರ್ಷದಿಂದ ಬಾಯಲ್ಲೇ ಇತ್ತೋ ಏನೋ. "ಕುಂಟ ಆದ್ರ ನೀ ನನ್ನ ಮಗ ಅಲ್ಲೇನು? ತೆವಳಕೋತ ಬಾ. ನಾ ಸಿಟ್ಟಾಗಿಲ್ಲ, ನನಗ ಗೊತ್ತಿರಲಿಲ್ಲ. ಇಷ್ಟ ಬರೀರಿ. ಹೆಚ್ಚಿಂದು ಏನೂ ಹಾಕಬ್ಯಾಡ್ರಿ."

ಅವರು ಬರೆದರು. ಸಲಾಮು ಒಂದೇ ಸಾಲು, ಉಳಿದದ್ದು ಅವಳ ಮಾತು. ತಮ್ಮ ಜನ್ಮದಲ್ಲಿ ಅವರು ಫಾರಸಿಯಲ್ಲಿ ಬರೆದ ಮೊದಲ ನಿಜವಾದ ಪತ್ರ ಅದು. ತಪ್ಪಿಲ್ಲದೆ ಬರೆದಿದ್ದೇನೆಂದು ಅವರಿಗೆ ಗೊತ್ತಿತ್ತು. ಮಸಿ ಆರಿದ ಮೇಲೆ ಮಡಿಚಿ, ತಾನೇ ಟಪಾಲಿಗೆ ಹಾಕುತ್ತೇನೆಂದು ಎದ್ದರು. ಮೈನಾಬಿ ಕೈ ಚಾಚಿ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡಳು. ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಹಸಿರು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು.

"ನಾಳೆ ಗೋಕಾಕ ಸಂತಿಗಿ ಗಾಡಿ ಹೊಂಟಾವು. ಅಲ್ಲಿಂದ ಹುಕ್ಕೇರಿಗಿ ಹೋಗ್ತೇನಿ. ಗಫಾರ ಸಾಹೇಬ್ರ ಕಡೆ ಎರಡೂ ಓದಿಸಿ ಕೇಳ್ತೇನಿ. ಅವರು ಹೌದು ಅಂದ್ರ ಟಪಾಲಿಗಿ ಹಾಕ್ತೇನಿ."

ಮಾಸ್ತರರು ಎದ್ದವರು ಅಲ್ಲೇ ನಿಂತರು. ಎರಡು ಕಾಗದ ಓದಿದರೆ ಗಫಾರ ಸಾಹೇಬರಿಗೆ ತಮ್ಮ ಶಿಷ್ಯ ಹಳೆಯ ಪತ್ರಗಳಿಗೆ ಯಾಕೆ ಗಂಟುಬಿದ್ದನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ನಾನೂ ಅಲ್ಲಿಗೇ ಹೊಂಟೇನ್ರಿ ಕಾಕು. ಕರಕೊಂಡ ಹೋಗ್ತೇನಿ" ಎಂದರು.

"ಬ್ಯಾಡ್ರಿ. ನಾ ಹೋಗ್ತೇನಿ."

ಮಾಸ್ತರರು ಟೊಪ್ಪಿಗೆ ಕೈಯಲ್ಲೇ ಹಿಡಿದು ಹೊಸ್ತಿಲು ದಾಟಿದರು. ಹಿಂದಿನಿಂದ ಮೈನಾಬಿ ಕರೆದಳು. ಅವರು ಆಸೆಯಿಂದ ತಿರುಗಿದರು.

"ಮಾಸ್ತರ, ಹುಡುಗೂರಿಗಿ ನಿಮಗ ಬರೂದಷ್ಟ ಕಲಸ್ರಿ."

ಅವರು ಹೂಂ ಎಂದರು. ಮುಟ್ಟದ ಪಾನಕದ ವಾಟಗವನ್ನು ಅವಳು ಒಳಗೆ ತೆಗೆದುಕೊಂಡು ಹೋದಳು.